ಹಿಂದೆ ಅಲ್ಲ ಸಾರ್, ಮುಂದೆ ನೋಡಿ

ಹೊಸೂರು ಕಡೆಯ ಒಂದು ಗಾಲ್ಫ್ ಕೋರ್ಸಿನಲ್ಲಿ ನಾನು ಸ್ಟಾರ್ಟರ್, ಅಂದರೆ ಗ್ರೂಪುಗಳನ್ನು ಸರದಿಯಂತೆ ಆಟಕ್ಕೆ ಬಿಡುವವನು. ಅದಕ್ಕೂ ಮುಂಚೆ ಅಲ್ಲೇ ಆಟಗಾರರ ಬ್ಯಾಗ್ ಹೊರುವ ಕ್ಯಾಡಿ. ಊರು ತಳಿ ಪಕ್ಕ, ಮನೆಮಾತು ಕನ್ನಡ. ಕೆಲಸದಲ್ಲಿ ತಮಿಳು, ತೆಲುಗು ಎರಡೂ ನಡೆಯುತ್ತವೆ. ಭಾನುವಾರ ಬೆಳಿಗ್ಗೆ ಅತ್ತಿಬೆಲೆ ದಾಟಿ ಬೆಂಗಳೂರಿನ ಕಾರುಗಳು ಸಾಲಾಗಿ ಬರುತ್ತವೆ. ಆಟ ತಡವಾದರೆ ಎಲ್ಲರೂ ಬಯ್ಯುವುದು ಮುಂದಿನ ಗ್ರೂಪನ್ನೇ. ಆ ಗ್ರೂಪಿನವರನ್ನು ಕೇಳಿದರೆ ಅವರೂ ತಮ್ಮ ಮುಂದಿನವರ ಕಡೆ ಕೈ ತೋರಿಸುತ್ತಾರೆ.

ನಾನು ನೋಡಿದ ಹಾಗೆ ನಿಧಾನವಾಗಿ ನಡೆಯುವವರಿಂದ ತೊಂದರೆ ಕಡಿಮೆ. ಎಪ್ಪತ್ತು ದಾಟಿದ ಹಿರಿಯರು ಮೆಲ್ಲಗೆ ನಡೆದು, ಚೆಂಡಿನ ಹತ್ತಿರ ಬಂದ ತಕ್ಷಣ ಹೊಡೆದು ಹೋಗಿಬಿಡುತ್ತಾರೆ. ಸಮಯ ತಿನ್ನುವವರು ಬೇರೆ. ತಮ್ಮ ಸರದಿ ಬರುವ ತನಕ ಸುಮ್ನೆ ನಿಂತಿದ್ದು, ಬಂದ ಮೇಲೆ ಗ್ಲೌಸ್ ಹಾಕಿಕೊಳ್ಳುವವರು, ದೂರ ಕೇಳುವವರು, ಕ್ಲಬ್ ಬದಲಿಸುವವರು. ಒಬ್ಬರು ತೊಂಬತ್ತು ಹೊಡೆತ ಆಡುತ್ತಾರೆ ಅಂದುಕೊಳ್ಳಿ. ಒಂದೊಂದಕ್ಕೆ ಹತ್ತು ಸೆಕೆಂಡು ಜಾಸ್ತಿಯಾದರೆ ಹದಿನೈದು ನಿಮಿಷ. ನಾಲ್ಕು ಜನಕ್ಕೆ ಒಂದು ಗಂಟೆ! ಈ ಲೆಕ್ಕ ಹೇಳಿದಾಗ ಎಷ್ಟೋ ಜನ ನಂಬಲಿಲ್ಲ, ಫೋನ್ ತೆಗೆದು ಗುಣಿಸಿ ನೋಡಿದರು (ಅದಕ್ಕೂ ಅರ್ಧ ನಿಮಿಷ ಹೋಯಿತು). ರೂಲ್ಸ್‌ನಲ್ಲೂ ಒಂದು ಹೊಡೆತಕ್ಕೆ 40 ಸೆಕೆಂಡು ಸಾಕು, ಸಾಮಾನ್ಯವಾಗಿ ಅದಕ್ಕಿಂತ ಬೇಗ ಆಡಬೇಕು ಎಂದೇ ಇದೆ.

ಕ್ಯಾಡಿ ಹುಡುಗ ದೊಡ್ಡ ಮನುಷ್ಯರಿಗೆ 'ಬೇಗ ಆಡಿ' ಅನ್ನೋಕೆ ಆಗಲ್ಲ ಅಲ್ವಾ? ಅದಕ್ಕೆ ಹುಡುಗರಿಗೆ ಒಂದು ಮಾತು ಕಲಿಸಿದೆ. "ಸಾರ್, ಮುಂದಿನ ಗ್ರೂಪ್ ಗ್ರೀನ್ ಬಿಟ್ಟು ಹೋಗಿದೆ, ಹಿಡಿಯೋಣ್ವಾ?" (ಗ್ರೀನ್ ಅಂದರೆ ಚೆಂಡು ಬೀಳಿಸಬೇಕಾದ ತೂತು ಇರುವ ನುಣ್ಣನೆ ಹುಲ್ಲಿನ ಜಾಗ.) ಇದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಹಿಂದಿನವರು ಕಾಯ್ತಿದ್ದಾರೆ ಅಂದರೆ ಮಾತ್ರ ಸಿಟ್ಟು ಬರುತ್ತದೆ, ಕೆಲವರು ಬೇಕಂತಲೇ ಇನ್ನೂ ನಿಧಾನ ಮಾಡುತ್ತಾರೆ. ನಿಮ್ಮ ಜಾಗ ಮುಂದಿನ ಗ್ರೂಪಿನ ಹಿಂದೆ, ಹಿಂದಿನ ಗ್ರೂಪಿನ ಮುಂದೆ ಅಲ್ಲ. ಮೊದಲ ಟೀಯಲ್ಲೇ (ಒಂದೊಂದು ತೂತಿನ ಕಡೆಗೆ ಮೊದಲ ಹೊಡೆತ ಹೊಡೆಯುವ ಜಾಗವೇ ಟೀ) ಇದನ್ನು ಹೇಳಿ ಕಳಿಸುತ್ತೇನೆ. ಜೊತೆಗೆ, ತೂತಿನಿಂದ ದೂರ ಇರುವವರೇ ಮೊದಲು ಹೊಡೆಯಬೇಕು ಎಂದು ಕಾಯಬೇಡಿ, ಯಾರು ರೆಡಿ ಇದ್ದಾರೋ ಅವರು ಹೊಡೆಯಿರಿ, ಎದುರಿಗೆ ಯಾರೂ ಇಲ್ಲ ಅಂತ ನೋಡಿಕೊಂಡು.

ಚೆಂಡು ಹುಡುಕುವುದೇ ದೊಡ್ಡ ತಲೆನೋವು. 2019ರಿಂದ ಹುಡುಕೋಕೆ ಮೂರೇ ನಿಮಿಷ, ಮೊದಲು ಐದಿತ್ತು. ಹೊಸ ಚೆಂಡು ದುಬಾರಿ, ಬಿಟ್ಟು ಬರೋಕೆ ಮನಸ್ಸಾಗಲ್ಲ, ಅದು ನನಗೂ ಗೊತ್ತು. ಆದರೆ ಹುಲ್ಲಿಗೆ ಹೋಯಿತು ಅಂತ ಅನುಮಾನ ಬಂದರೆ ಅಲ್ಲೇ ಪ್ರೊವಿಷನಲ್ (ಮೊದಲನೆಯದು ಸಿಗದಿದ್ದರೆ ಆಡಲು ಇನ್ನೊಂದು ಚೆಂಡು) ಹೊಡೆಯಬೇಕು, ಅದನ್ನು ಬಾಯಿಬಿಟ್ಟು ಹೇಳಿ ಹೊಡೆಯಬೇಕು. ಅಲ್ಲಿ ತನಕ ಹೋಗಿ, ಹುಡುಕಿ, ಸಿಗದೆ, ಮತ್ತೆ ಟೀಗೆ ವಾಪಸ್ ಬಂದರೆ ಇಡೀ ಕೋರ್ಸೇ ನಿಂತುಬಿಡುತ್ತದೆ. ಹೋಲಿಗಿಷ್ಟು ಅಂತ ಪಾಯಿಂಟ್ ಎಣಿಸುವ ಸ್ಟೇಬಲ್‌ಫೋರ್ಡ್ ಆಡುವಾಗಲಂತೂ ಆ ಹೋಲಿನಲ್ಲಿ ಇನ್ನು ಪಾಯಿಂಟ್ ಇಲ್ಲ ಅಂದರೆ ಚೆಂಡು ಎತ್ತಿ ಜೇಬಿಗೆ ಹಾಕಿಕೊಳ್ಳಿ, ಏಳನೇ ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಯಾರಿಗೂ ಬೇಡ.

ಗ್ರೀನಿನಲ್ಲಿ ಬ್ಯಾಗನ್ನು ಮುಂದಿನ ಟೀ ಕಡೆಗೇ ಇಡಿಸುತ್ತೇನೆ. ಸ್ಕೋರ್ ಬರೆಯುವುದು ಮುಂದಿನ ಟೀಯಲ್ಲಿ. ಬೇಗ ಆಡಿ ಅಂದರೆ ಬಂಕರ್ (ಮರಳಿನ ಗುಂಡಿ) ಕೆದರಿ ಬಿಟ್ಟು ಓಡಿ ಎಂದಲ್ಲ. ಮರಳು ಸಮ ಮಾಡುವುದು, ಗ್ರೀನಿನಲ್ಲಿ ಚೆಂಡು ಬಿದ್ದು ಆದ ಗುಳಿ ಸರಿ ಮಾಡುವುದು, ಇದಕ್ಕೆಲ್ಲ ಎಷ್ಟು ಹೊತ್ತು ಬೇಕು? ಮಾಡದವರೇ ಸಮಯ ಇಲ್ಲ ಅನ್ನುತ್ತಾರೆ.

ಇಷ್ಟಾದರೂ ತಪ್ಪೆಲ್ಲ ಆಟಗಾರರದ್ದೇ ಅಲ್ಲ. ಏಳು ನಿಮಿಷಕ್ಕೊಂದು ಗ್ರೂಪ್ ಬಿಟ್ಟರೆ ಪಾರ್ ತ್ರೀಯಲ್ಲಿ (ಟೀಯಿಂದ ಒಂದೇ ಹೊಡೆತಕ್ಕೆ ಗ್ರೀನ್ ಮುಟ್ಟಬಹುದಾದ ಗಿಡ್ಡ ಹೋಲಿನಲ್ಲಿ) ಸಾಲು ನಿಂತೇ ನಿಲ್ಲುತ್ತದೆ. ನಾಲ್ಕೂ ಜನ ಗ್ರೀನ್ ಖಾಲಿ ಮಾಡುವ ತನಕ ಹಿಂದಿನವರು ಹೊಡೆಯುವ ಹಾಗಿಲ್ಲ, ಅದಕ್ಕೆ ಏಳು ನಿಮಿಷ ಸಾಲುವುದಿಲ್ಲ. ಹತ್ತು ನಿಮಿಷ ಮಾಡಿ ಅಂತ ಆಫೀಸಿಗೆ ಹೇಳಿದೆ. ಗ್ರೂಪ್ ಕಡಿಮೆ, ದುಡ್ಡೂ ಕಡಿಮೆ, ಸುಲಭಕ್ಕೆ ಒಪ್ಪಲಿಲ್ಲ. ಈಗ ಭಾನುವಾರಕ್ಕೆ ಮಾತ್ರ ಹತ್ತು. ಅದರ ಜೊತೆಗೆ ಮೊದಲ ಪಾರ್ ತ್ರೀಯಲ್ಲಿ ಇನ್ನೊಂದು ರೂಢಿ ಮಾಡಿಸಿದ್ದೇವೆ. ಗ್ರೀನ್ ಮೇಲಿರುವವರು ಚೆಂಡಿಗೆ ಮಾರ್ಕ್ ಇಟ್ಟು ಪಕ್ಕಕ್ಕೆ ಸರಿದು, ಹಿಂದಿನವರಿಗೆ ಕೈ ಬೀಸುತ್ತಾರೆ. ಅವರು ಹೊಡೆದು ನಡೆದು ಬರುವಷ್ಟರಲ್ಲಿ ಇವರ ಪಟ್ ಮುಗಿದಿರುತ್ತದೆ. ಈ ಒಂದರಿಂದಲೇ ಟೀಯಲ್ಲಿ ನಿಲ್ಲುವ ಗುಂಪು ಎಷ್ಟೋ ಕರಗಿತು.

ಇಬ್ಬರೇ ಬಂದು, ನಮ್ಮನ್ನು ಮುಂದೆ ಬಿಡಿ ಅಂತ ಜಗಳಕ್ಕೆ ನಿಲ್ಲುವವರೂ ಇದ್ದಾರೆ. ಮುಂದೆ ಒಂದು ಹೋಲ್ ಖಾಲಿ ಇದ್ದರೆ ಬಿಡಿಸುತ್ತೇನೆ. ಕೋರ್ಸ್ ತುಂಬಿದ್ದರೆ ಒಬ್ಬರನ್ನು ದಾಟಿ ಇನ್ನೊಬ್ಬರ ಹಿಂದೆ ನಿಲ್ಲಬೇಕು, ಅಷ್ಟೇ. ಅಂಥವರಿಗೆ ಬುಧವಾರ ಬನ್ನಿ ಸಾರ್, ನೀವೇ ರಾಜರು ಅನ್ನುತ್ತೇನೆ. ಕೆಲವರು ಬರುತ್ತಾರೆ ಕೂಡ.