1775ರಲ್ಲಿ ಆಗದ್ದು 1789ರಲ್ಲಿ ಯಾಕಾಯಿತು: ದಂಗೆಯ ಕಾರಣ ಹುಡುಕುವ ಬಗೆ

ಫ್ರಾನ್ಸಿನ ಜನಸಾಮಾನ್ಯರು 1789ರಲ್ಲಿ ಅರಸನ ವಿರುದ್ಧ ತಿರುಗಿಬಿದ್ದದ್ದು ಯಾಕೆ ಎಂದು ಕೇಳಿದರೆ ಉತ್ತರಪತ್ರಿಕೆಗಳಲ್ಲಿ ಸಿಗುವುದು ಒಂದೇ ಪಟ್ಟಿ: ಬಡತನ, ತೆರಿಗೆ, ರೂಸೋ, ವಾಲ್ಟೇರ್ ಎಂಬ ಚಿಂತಕರ ಬರಹ. ಪಟ್ಟಿ ಸುಳ್ಳಲ್ಲ. ಆದರೆ ಇವೆಲ್ಲ 1775ರಲ್ಲೂ ಇದ್ದವು. ಆಗ ಬೆಳೆ ಕೈಕೊಟ್ಟಿತ್ತು, ಮಂತ್ರಿ ಟ್ಯುರ್ಗೊ ಧಾನ್ಯ ವ್ಯಾಪಾರದ ಮೇಲಿನ ಹತೋಟಿ ತೆಗೆದಿದ್ದ, ಪ್ಯಾರಿಸ್‌ನಲ್ಲಿ ನಾಲ್ಕು ಪೌಂಡಿನ ಬ್ರೆಡ್ಡಿನ ಬೆಲೆ 13 ಸೂ (ಸೂ ಎಂದರೆ ಆಗಿನ ಫ್ರೆಂಚ್ ಸಣ್ಣ ನಾಣ್ಯ) ದಾಟಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಸಂತೆ ಸಂತೆಗಳಲ್ಲಿ ಗಲಭೆಯಾಯಿತು. ಸೈನ್ಯ ಬಂತು, ಪ್ಯಾರಿಸ್‌ನಲ್ಲಿ ಇಬ್ಬರನ್ನು ನೇಣಿಗೇರಿಸಿದರು, ಕೆಲವೇ ವಾರಗಳಲ್ಲಿ ಎಲ್ಲ ತಣ್ಣಗಾಯಿತು. ಆದ್ದರಿಂದ ಈ ಎರಡೂ ವರ್ಷಗಳನ್ನು ಅಕ್ಕಪಕ್ಕ ಇಟ್ಟುಕೊಂಡೇ ಕೆಲಸ ಶುರು ಮಾಡಿ. ಪ್ರತಿ ಕಾರಣದ ಮುಂದೆ ‘ಇದು 1775ರಲ್ಲೂ ಇತ್ತೇ?’ ಎಂದು ಬರೆದುಕೊಳ್ಳಿ.

ಮೊದಲು ಕೂಲಿಯ ಲೆಕ್ಕ. ಪ್ಯಾರಿಸ್‌ನ ಕಾರ್ಖಾನೆ ಕೂಲಿಯವನಿಗೆ ದಿನಕ್ಕೆ 25 ಸೂ ಎಂದು ಹಿಡಿಯಿರಿ. ಇಲ್ಲಿ ಬಹಳ ಜನ ಎಡವುತ್ತಾರೆ, ಏಕೆಂದರೆ ಭಾನುವಾರ, ಚರ್ಚಿನ ಹಬ್ಬಗಳಂದು ಕೂಲಿ ಇಲ್ಲ, ಹೊಟ್ಟೆಗೆ ಮಾತ್ರ ರಜೆ ಇಲ್ಲ. ವರ್ಷಕ್ಕೆ ಸುಮಾರು 220 ದಿನ ಕೆಲಸ ಸಿಕ್ಕರೆ 25ನ್ನು 220ರಿಂದ ಗುಣಿಸಿ 365ರಿಂದ ಭಾಗಿಸಿ. ದಿನಕ್ಕೆ ಕೈಗೆ ಬರುವುದು 15 ಸೂ. ಮಾಮೂಲಿ ಕಾಲದಲ್ಲಿ ನಾಲ್ಕು ಪೌಂಡಿನ, ಅಂದರೆ ಸುಮಾರು ಎರಡು ಕಿಲೋ ತೂಕದ ಬ್ರೆಡ್ಡಿಗೆ 9 ಸೂ; ಗಳಿಕೆಯಲ್ಲಿ ನೂರಕ್ಕೆ 60 ಅಲ್ಲಿಗೇ ಹೋಯಿತು. 1789ರ ಫೆಬ್ರವರಿಯಲ್ಲಿ ಅದೇ ಬ್ರೆಡ್ಡಿಗೆ ಹದಿನಾಲ್ಕೂವರೆ ಸೂ. ಈಗ ನೂರಕ್ಕೆ 97. ಬಾಡಿಗೆ, ಸೌದೆ, ಬಟ್ಟೆಗೆ ಉಳಿದದ್ದು ಅರ್ಧ ಸೂ. ಹಿಂದಿನ ವರ್ಷ ಜುಲೈ 13ರ ಆಲಿಕಲ್ಲು ಮಳೆ ಪೈರನ್ನು ಹೊಡೆದಿತ್ತು, ಚಳಿಗಾಲದಲ್ಲಿ ನದಿಗಳು ಹೆಪ್ಪುಗಟ್ಟಿ ನೀರಿನ ಗಿರಣಿಗಳು ನಿಂತಿದ್ದವು. ಇಷ್ಟಾದರೂ ಹಸಿವನ್ನೇ ಉತ್ತರವೆಂದು ಬರೆಯಬೇಡಿ. ಅದು 1775ರ ಸಾಲಿನಲ್ಲೂ ಇದೆ.

ಮುಂದೆ ಖಜಾನೆ ನೋಡಿ. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ತಂದ ಸಾಲ ಬೆಳೆದು, 1788ರ ಹೊತ್ತಿಗೆ ಸರ್ಕಾರದ ಖರ್ಚಿನಲ್ಲಿ ಅರ್ಧದಷ್ಟು ಸಾಲಕ್ಕೇ ಹೋಗುತ್ತಿತ್ತು. ಶ್ರೀಮಂತರ ಮೇಲೂ ತೆರಿಗೆ ಹಾಕೋಣವೆಂದರೆ 1787ರಲ್ಲಿ ಕರೆದ ಗಣ್ಯರ ಸಭೆ ಒಪ್ಪಲಿಲ್ಲ. 1788ರ ಆಗಸ್ಟ್ 10ರಂದು ಟಿಪ್ಪುವಿನ ರಾಯಭಾರಿಗಳು ವರ್ಸೈ ಅರಮನೆಯಲ್ಲಿ 16ನೇ ಲೂಯಿಯನ್ನು ಕಂಡು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಕೇಳಿದರು. ಅದಾಗಿ ಆರೇ ದಿನಕ್ಕೆ, ಆಗಸ್ಟ್ 16ರಂದು, ಫ್ರಾನ್ಸಿನ ಖಜಾನೆ ನಗದು ಪಾವತಿ ನಿಲ್ಲಿಸಿತು. ಮೈಸೂರಿಗೆ ಸೈನ್ಯ ಬರಲಿಲ್ಲ. ಅಧಿಕಾರ ಎಷ್ಟೇ ನಿರಂಕುಶವಾಗಿದ್ದರೂ ಬರಿಗೈ ಅರಸ ಯಾರನ್ನಾದರೂ ಕೇಳಲೇಬೇಕು.

ಕೇಳಿದ ರೀತಿಯಲ್ಲೇ ನಿಜವಾದ ವ್ಯತ್ಯಾಸವಿದೆ. ಉತ್ತರದಲ್ಲಿ ಹೆಚ್ಚು ಜಾಗ ಇದಕ್ಕೇ ಕೊಡಿ. 1614ರ ನಂತರ ಸೇರದಿದ್ದ ಮೂರು ವರ್ಗಗಳ (ಪಾದ್ರಿಗಳು, ಕುಲೀನರು, ಉಳಿದ ಜನ) ಮಹಾಸಭೆಯನ್ನು ಅರಸ 1789ರ ಮೇ ತಿಂಗಳಿಗೆ ಕರೆದ. ಅದಕ್ಕೆ ಮುಂಚೆ ಊರೂರಲ್ಲಿ ಜನ ಸೇರಿ ತಮ್ಮ ಅಹವಾಲನ್ನು ಪುಸ್ತಕದಲ್ಲಿ ಬರೆಯಬೇಕೆಂದು ಅಪ್ಪಣೆಯಾಯಿತು. ಉಪ್ಪಿನ ತೆರಿಗೆ, ಚರ್ಚಿಗೆ ಕೊಡುವ ದಶಾಂಶ, ಜಮೀನುದಾರರ ಹಕ್ಕುಗಳು, ಅವರ ಪಾರಿವಾಳಗಳು ಹೊಲದ ಕಾಳು ತಿನ್ನುವುದು, ಹೀಗೆ ದೂರುಗಳು ತುಂಬಿದವು. ಉಪ್ಪಿನ ತೆರಿಗೆಯನ್ನಂತೂ ಬಿಡಿಸಿ ಬರೆಯಿರಿ: ತೆರಿಗೆ ಹೆಚ್ಚಿರುವ ಸೀಮೆಗಳಲ್ಲಿ ಎಂಟು ವರ್ಷ ದಾಟಿದ ಪ್ರತಿಯೊಬ್ಬರ ಲೆಕ್ಕಕ್ಕೂ ಉಪ್ಪು ಕೊಳ್ಳುವುದು ಕಡ್ಡಾಯ, ಪಕ್ಕದ ಬ್ರಿಟನಿ ಎಂಬ ಫ್ರೆಂಚ್ ಪ್ರಾಂತ್ಯದಲ್ಲಿ ಅದೇ ಉಪ್ಪು ಅಗ್ಗ. ಈ ದೂರುಗಳೆಲ್ಲ ಹಳೆಯವು. ಹೊಸದೆಂದರೆ, ಅವನ್ನು ಬರೆದುಕೊಡಿ ಎಂದು ಅರಸನೇ ಹೇಳಿದ್ದು. ಬರೆದುಕೊಟ್ಟವರು ಪರಿಹಾರಕ್ಕೆ ಕಾದರು. ಜುಲೈ 11ರಂದು ಜನರ ನೆಚ್ಚಿನ ಮಂತ್ರಿ ನೆಕರ್‌ನನ್ನು ಅರಸ ಕಿತ್ತುಹಾಕಿದ. ರಾಜಧಾನಿಯ ಸುತ್ತ ಪಡೆಗಳು ಜಮಾಯಿಸಿದ್ದವು. ಕೊಟ್ಟ ಆಸೆಯನ್ನು ಕಸಿದುಕೊಳ್ಳುತ್ತಿದ್ದಾರೆ ಎಂದು ಜನರಿಗೆ ಖಾತ್ರಿಯಾದದ್ದು ಆಗ.

ಕೊನೆಯದಾಗಿ ಬಂದೂಕು ಯಾರ ಕಡೆ ತಿರುಗಿತ್ತು ಎಂದು ನೋಡಬೇಕು. 1789ರ ಏಪ್ರಿಲ್ 28ರಂದು ಪ್ಯಾರಿಸ್‌ನಲ್ಲಿ ರೆವೆಯೋನ್ ಎಂಬವನ ಗೋಡೆಕಾಗದ ಕಾರ್ಖಾನೆಯ ಗಲಭೆಯಲ್ಲಿ ಅರಸನ ಫ್ರೆಂಚ್ ಗಾರ್ಡ್ ಪಡೆ ಜನರ ಮೇಲೆ ಗುಂಡು ಹಾರಿಸಿತು. ಜುಲೈ 14ರಂದು ಅದೇ ಪಡೆಯ ಸೈನಿಕರು ಫಿರಂಗಿ ಎಳೆದುಕೊಂಡು ಜನರ ಜೊತೆ ಬಾಸ್ಟೀಲ್ ಎಂಬ ಸೆರೆಮನೆ ಕೋಟೆಯ ಮುಂದೆ ನಿಂತರು. ಎರಡೂವರೆ ತಿಂಗಳಲ್ಲಿ ಆದ ಈ ಬದಲಾವಣೆ 1775ರಲ್ಲಿ ಆಗಿರಲಿಲ್ಲ. ಕೈದಿಗಳನ್ನು ಬಿಡಿಸಲು ಹೋದರು ಎಂದು ಬರೆದರೆ ತಪ್ಪಾಗುತ್ತದೆ. ಒಳಗಿದ್ದವರು ಏಳೇ ಜನ. ಬಂದೂಕುಗಳು ಬೆಳಿಗ್ಗೆಯೇ ಇನ್ವಾಲಿದ್ ಎಂಬ ಮಾಜಿ ಸೈನಿಕರ ಆಶ್ರಯಧಾಮದಲ್ಲಿ ಸಿಕ್ಕಿದ್ದವು, ಬೇಕಾಗಿದ್ದದ್ದು ಬಾಸ್ಟೀಲ್‌ನಲ್ಲಿದ್ದ ಕೋವಿಮದ್ದು.

‘ಬ್ರೆಡ್ ಇಲ್ಲದಿದ್ದರೆ ಕೇಕ್ ತಿನ್ನಲಿ’ ಎಂಬುದನ್ನು ರಾಣಿ ಮರೀ ಆಂತ್ವಾನೆತ್ ಬಾಯಿಗೆ ಹಾಕಬೇಡಿ. ಅವಳು ಫ್ರಾನ್ಸಿಗೆ ಬರುವ ಮೊದಲೇ ರೂಸೋ ಇಂಥದ್ದೊಂದು ಮಾತು ಬರೆದಿದ್ದ. ಪ್ಯಾರಿಸ್‌ಗೇ ನಿಂತುಬಿಡುವುದೂ ಬೇಡ. ಜುಲೈ ಕೊನೆಯಲ್ಲಿ ರೈತರು ಹಲವೆಡೆ ಜಮೀನುದಾರರ ಕೋಟೆಮನೆಗಳಿಗೆ ನುಗ್ಗಿ, ಯಾರು ಎಷ್ಟು ಕೊಡಬೇಕೆಂದು ಬರೆದಿಟ್ಟ ಹಕ್ಕುಪತ್ರಗಳನ್ನು ಹುಡುಕಿ ಅಂಗಳದಲ್ಲಿ ಸುಟ್ಟರು. ಯಾವ ಕಾಗದಕ್ಕೆ ಬೆಂಕಿ ಬಿತ್ತೆಂಬುದನ್ನು ಆ ಊರಿನ ಅಹವಾಲು ಪುಸ್ತಕದ ಜೊತೆ ಹೋಲಿಸಿದರೆ, ವಸಂತದಲ್ಲಿ ಬರೆದುಕೊಟ್ಟ ದೂರನ್ನು ಬೇಸಿಗೆಯಲ್ಲಿ ಅವರೇ ಇತ್ಯರ್ಥ ಮಾಡಿಕೊಂಡರೇ ಎಂದು ತಿಳಿಯುತ್ತದೆ.