ಬಾಯಲ್ಲಿ ಕರಗುವ ಮಾತ್ರೆ: ಒತ್ತಬೇಡಿ, ಸುಲಿಯಿರಿ

ಅಮ್ಮ ಪಾತ್ರೆ ತೊಳೆದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ತಮ್ಮನ ರಾತ್ರಿ ಮಾತ್ರೆಯ ಸ್ಟ್ರಿಪ್ಪನ್ನು ಹೆಬ್ಬೆರಳಿಂದ ಒತ್ತಿದರು. ಮಾತ್ರೆ ಮೂರು ಚೂರಾಯಿತು. ಒಂದು ಚೂರು ಅವರ ಬೆರಳಿಗೇ ಅಂಟಿ ಹಿಟ್ಟಾಯಿತು. ಇದೇ ತಪ್ಪನ್ನು ಆಮೇಲೆ ಎಷ್ಟೋ ಮನೆಗಳಲ್ಲಿ ನೋಡಿದೆ. ಅದಕ್ಕೇ ಈ ಬರಹ.

ಇದು ಒಲಾಂಜಪೈನ್ ಮಾತ್ರೆ. ಸ್ಕಿಜೋಫ್ರೇನಿಯಾಕ್ಕೆ (ಯಾರೂ ಇಲ್ಲದಿದ್ದರೂ ಮಾತು ಕೇಳಿಸುವ, ಅನುಮಾನ ಕಾಡುವ ಮನೋರೋಗ), ಬೈಪೋಲಾರ್ ಕಾಯಿಲೆಗೆ (ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ, ಒಮ್ಮೆ ಕುಗ್ಗುವ ಕಾಯಿಲೆ) ಕೊಡುತ್ತಾರೆ. ಮಾತ್ರೆ ನುಂಗಲು ಕಷ್ಟಪಡುವವರಿಗೆ, ಕೆನ್ನೆಯಲ್ಲಿ ಅಡಗಿಸಿಟ್ಟು ಆಮೇಲೆ ಉಗಿಯುವವರಿಗೆ ಕರಗುವ ಬಗೆಯನ್ನು ಬರೆಯುತ್ತಾರೆ.

ಮೊದಲು ಚೀಟಿ ಮತ್ತು ಸ್ಟ್ರಿಪ್ ಎರಡರಲ್ಲೂ ಮಿಲಿಗ್ರಾಂ ಒಂದೇ ಇದೆಯಾ ನೋಡಿ. 5, 10, 15, 20 ಅಂತ ಬರುತ್ತವೆ. ಹೆಸರು, ತಾರೀಖು ಇರುವ ಭಾಗ ಹೋಗುವಂತೆ ಸ್ಟ್ರಿಪ್ ಕತ್ತರಿಸಿ ಕೊಡುವ ಅಂಗಡಿಯಲ್ಲಿ ತಗೊಳ್ಳಲೇಬೇಡಿ.

ಈಗ ಕಷ್ಟದ ಕೆಲಸ. ಕೈ ತೊಳೆದು ಒಣ ಟವೆಲ್‌ನಿಂದ ಬೆರಳ ಸಂದಿಯವರೆಗೂ ಒರೆಸಿ. ಸೆರಗು, ಪಂಚೆ ಸಾಲದು. ಒಂದು ಮಾತ್ರೆಯ ಗುಳಿಯನ್ನು ಮಾತ್ರ ಬಿಡಿಸಿಕೊಳ್ಳಿ. ಹಿಂಭಾಗದ ಹಾಳೆಯ ಮೂಲೆಯನ್ನು ಉಗುರಿಂದ ಎತ್ತಿ, ಬಾಳೆಹಣ್ಣಿನ ಸಿಪ್ಪೆಯಂತೆ ಮೆಲ್ಲಗೆ ಸುಲಿಯಿರಿ. ಮಾತ್ರೆಯನ್ನು ಒಣ ಅಂಗೈಗೆ ಬೀಳಿಸಿ, ತಕ್ಷಣ ನಾಲಿಗೆ ಮೇಲಿಡಿ. ಕೆಲವು ಕಂಪನಿಯ ಸ್ಟ್ರಿಪ್‌ಗಳು ಒತ್ತಿ ತೆಗೆಯುವಂಥವೇ ಇರುತ್ತವೆ, ಪ್ಯಾಕಿನ ಮೇಲಿನ ಸೂಚನೆ ಓದಿ. ಸ್ವಲ್ಪ ಹೊತ್ತಿಗೇ ಕರಗುತ್ತದೆ. ಎಂಜಲ ಜೊತೆ ನುಂಗಿದರೆ ಮುಗಿಯಿತು. ನೀರು ಬೇಕಿದ್ದರೆ ಕುಡಿಯಬಹುದು.

ಮುಂಚೆಯೇ ಬಿಡಿಸಿ ವಾರದ ಡಬ್ಬಿಯಲ್ಲಿ ಹಾಕಿಡುವುದು ಬೇಡವೇ ಬೇಡ. ಮಳೆಗಾಲದ ಮಲೆನಾಡು, ಕರಾವಳಿಯಲ್ಲಂತೂ ತೇವ ಹಿಡಿದು ಮಾತ್ರೆ ಕೆಡುತ್ತದೆ. ಸುಮ್ನೆ ಅರ್ಧ ಮಾಡಿ ಕೊಡುವುದೂ ಬೇಡ. ಕಡಿಮೆ ಬೇಕಿದ್ದರೆ ಡಾಕ್ಟರೇ ಬರೆಯಲಿ.

ಸಾರಿನಲ್ಲಿ ಕದ್ದು ಬೆರೆಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಒಮ್ಮೆ ಹಾಗೆ ಮಾಡಿದೆವು. ತಮ್ಮನಿಗೆ ಗೊತ್ತಾಗಿ, ಎಷ್ಟೋ ದಿನ ಮನೆಯ ಊಟ ಮುಟ್ಟಲಿಲ್ಲ. ಮೊದಲೇ ಅನುಮಾನದಿಂದ ನರಳುವವರು ಅವರು, ಅಲ್ವಾ? ತಗೊಳ್ಳುವುದೇ ಇಲ್ಲ ಅಂದರೆ ಡಾಕ್ಟರಿಗೆ ಹೇಳಿ, ಬೇರೆ ದಾರಿಗಳಿವೆ.

ಬಾಯಲ್ಲಿ ಬೇಗ ಕರಗಿತು ಅಂತ ಕೆಲಸವೂ ಬೇಗ ಮಾಡುವುದಿಲ್ಲ. ಔಷಧ ರಕ್ತ ಸೇರುವುದು ಹೊಟ್ಟೆಗೆ ಹೋದ ಮೇಲೆಯೇ. ರಕ್ತದಲ್ಲಿ ಅದು ಗರಿಷ್ಠ ಮಟ್ಟ ತಲುಪಲು ಸುಮಾರು 5ರಿಂದ 8 ಗಂಟೆ ಬೇಕು, ಸಾಮಾನ್ಯ ಮಾತ್ರೆಯಂತೆಯೇ. ಅರ್ಧ ಗಂಟೆಯಾದರೂ ಕೂಗಾಟ ನಿಂತಿಲ್ಲ ಅಂತ ಇನ್ನೊಂದು ಕೊಡಬೇಡಿ. ನಿದ್ದೆ, ಮಂಪರು ಮೊದಲ ದಿನಗಳಲ್ಲೇ ಬರಬಹುದು. ಕಿವಿಯಲ್ಲಿ ಕೇಳುವ ಮಾತು, ಅನುಮಾನ ತಗ್ಗಲು ವಾರಗಳು ಹಿಡಿಯುತ್ತವೆ. ವಾಸಿಯಾಯಿತು ಅಂತ ನೀವಾಗಿಯೇ ನಿಲ್ಲಿಸಬೇಡಿ. ಒಂದು ದಿನ ಮರೆತರೆ ಮರುದಿನ ಎರಡು ಕೊಡಬೇಡಿ.

ಹಸಿವು ಜಾಸ್ತಿಯಾಗುತ್ತದೆ. ತಮ್ಮ ರಾತ್ರಿ ಎದ್ದು ಅನ್ನದ ಪಾತ್ರೆ ಖಾಲಿ ಮಾಡುತ್ತಿದ್ದ. ಅವನನ್ನು ಬೈಯಬಾರದಿತ್ತು, ಅದು ಔಷಧ ತಂದ ಹಸಿವು. ಶುರುವಿನಲ್ಲೇ ತೂಕ ಬರೆದಿಡಿ. ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ ಆಗ ಒಮ್ಮೆ, ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಿ. ತಲೆ ಸುತ್ತಬಹುದು, ಹಾಸಿಗೆಯಿಂದ ನಿಧಾನವಾಗಿ ಏಳಲಿ. ಮಂಪರಿದ್ದಾಗ ಬೈಕ್ ಓಡಿಸುವುದು ಬೇಡ. ಹೆಂಡವಂತೂ ಬೇಡವೇ ಬೇಡ. ಬೀಡಿ, ಸಿಗರೇಟಿನ ಹೊಗೆ ಈ ಔಷಧದ ಮಟ್ಟವನ್ನು ಇಳಿಸುತ್ತದೆ, ಬಿಟ್ಟರೆ ಮಟ್ಟ ಏರುತ್ತದೆ. ಸೇದುವುದನ್ನು ಬಿಡುವ ಮುಂಚೆ ಡಾಕ್ಟರಿಗೆ ಹೇಳಿ, ಪ್ರಮಾಣ ಬದಲಿಸಬೇಕಾಗಬಹುದು.

ಸಂದೇಹವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆದರೆ ಜೋರು ಜ್ವರ ಬಂದು, ಮೈ ಮರದ ಹಾಗೆ ಸೆಟೆದು, ಮಾತು ತೊದಲಿದರೆ ಫೋನಿನಲ್ಲಿ ಹೊತ್ತು ಕಳೆಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ.