ಹಳೆಯ ವೇಗದ ಕಾರಿಗೆ ಹೆಡರ್: ಅಳತೆ ಟೇಪು ಮೊದಲು, ದುಡ್ಡು ಆಮೇಲೆ

ಹಳೆಯ ವೇಗದ ಕಾರನ್ನು ಮನೆಗೆ ತಂದವರು ಮೊದಲ ತಿಂಗಳಲ್ಲೇ ಮಾಡುವ ಖರ್ಚೊಂದಿದೆ. ಎಂಜಿನ್ನಿನ ಪಕ್ಕದಲ್ಲಿ ತುಕ್ಕು ಹಿಡಿದು ಕೂತ, ಹೊಗೆಯನ್ನು ಹೊರಗೊಯ್ಯುವ ಬೀಡುಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಕಿತ್ತು, ಫಳಫಳ ಹೊಳೆಯುವ ಹೆಡರ್, ಅಂದರೆ ಸಿಲಿಂಡರಿಗೊಂದರಂತೆ ಬೇರೆಬೇರೆ ಕೊಳವೆಗಳಿರುವ ಗೊಂಚಲು, ಹಾಕಿಸುವುದು. ಎರಡನೇ ತಿಂಗಳಿಗೆ ಅವರ ಬಾಯಲ್ಲಿ ಬರುವ ದೂರೂ ಒಂದೇ: ‘ಸದ್ದು ಜೋರಾಗಿದೆ, ಆದರೆ ನಿಂತಲ್ಲಿಂದ ಕಾರು ಮೊದಲಿನಂತೆ ಏಳುವುದಿಲ್ಲ.’ ಹತ್ತಾರು ಕಾರುಗಳ ಕೆಳಗೆ ಮಲಗಿ ನೋಡಿದ ಮೇಲೆ ನನಗನ್ನಿಸಿದ್ದು ಇಷ್ಟು. ಹೆಡರ್ ಕೆಡುವುದು ಗ್ಯಾರೇಜಿನಲ್ಲಲ್ಲ, ಕೊಳ್ಳುವ ಹೊತ್ತಿನಲ್ಲಿ.

ಹೆಡರ್ ಮಾಡುವ ಕೆಲಸವನ್ನು ಮೊದಲು ತಿಳಿದುಕೊಳ್ಳಿ. ಪ್ರತಿ ಸಿಲಿಂಡರಿನಿಂದ ಬಿಸಿ ಅನಿಲ ಒಂದೇ ಧಾರೆಯಾಗಿ ಹರಿಯುವುದಿಲ್ಲ, ಗುದ್ದುಗುದ್ದಾಗಿ ಹೊರಬೀಳುತ್ತದೆ. ಒಂದೊಂದು ಗುದ್ದೂ ತನ್ನ ಕೊಳವೆಯಲ್ಲಿ ಓಡಿ, ಕೊಳವೆಗಳೆಲ್ಲ ಕೂಡುವ ಕಲೆಕ್ಟರನ್ನು ತಲುಪಿದಾಗ ಅಲ್ಲಿಂದ ಕಡಿಮೆ ಒತ್ತಡದ ಅಲೆಯೊಂದು ಹಿಂದಕ್ಕೆ ಬರುತ್ತದೆ. ಒಳಗಿನ ಮತ್ತು ಹೊರಗಿನ ವಾಲ್ವುಗಳೆರಡೂ ತುಸು ತೆರೆದಿರುವ ಗಳಿಗೆಗೆ ಅದು ಬಂದು ಮುಟ್ಟಿದರೆ, ಉಳಿದ ಹೊಗೆಯನ್ನು ಹೀರಿ ತೆಗೆದು ಹೊಸ ಗಾಳಿಯನ್ನೂ ಒಳಕ್ಕೆ ಎಳೆಯುತ್ತದೆ. ಲಾಭವೆಲ್ಲ ಈ ಹೀರುವಿಕೆಯಲ್ಲಿದೆ. ಅಲೆ ಬರುವ ಹೊತ್ತನ್ನು ಕೊಳವೆಯ ಉದ್ದ ನಿರ್ಧರಿಸುತ್ತದೆ, ಅನಿಲದ ವೇಗವನ್ನು ವ್ಯಾಸ ನಿರ್ಧರಿಸುತ್ತದೆ. ‘ದೊಡ್ಡ ಪೈಪು ಹಾಕಿದರೆ ಎಂಜಿನ್ ಸಲೀಸಾಗಿ ಉಸಿರಾಡುತ್ತದೆ’ ಎನ್ನುವವರು ಅರ್ಧ ಕಥೆಯನ್ನಷ್ಟೇ ಹೇಳುತ್ತಾರೆ.

ಹಂತ 1: ಕಾರನ್ನು ಹೇಗೆ ಓಡಿಸುತ್ತೀರಿ ಎಂಬುದನ್ನು ನಿಮಗೆ ನೀವೇ ಸುಳ್ಳಿಲ್ಲದೆ ಹೇಳಿಕೊಳ್ಳಿ

ಎಂಜಿನ್ ಗಾತ್ರ, ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ), ಗೇರ್ ಅನುಪಾತ, ಮುಳ್ಳು ಹೆಚ್ಚು ಹೊತ್ತು ನಿಲ್ಲುವ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಹಾಕುವ ಸುತ್ತು), ಇಷ್ಟನ್ನು ಒಂದು ಚೀಟಿಯಲ್ಲಿ ಬರೆಯಿರಿ. ಬಹುತೇಕ ಹಳೆಯ ಕಾರುಗಳು ರಸ್ತೆಯಲ್ಲಿ 2000ದಿಂದ 4500ರ ನಡುವೆ ಬದುಕುತ್ತವೆ. ವರ್ಷಕ್ಕೊಮ್ಮೆ 6500 ಮುಟ್ಟುತ್ತೇನೆಂದು ಅದಕ್ಕೆ ತಕ್ಕ ಹೆಡರ್ ಕೊಂಡರೆ ಉಳಿದ ದಿನವೆಲ್ಲ ಕೈಹಿಸುಕಿಕೊಳ್ಳುವುದೇ ಸರಿ. ಇನ್ನೊಂದು ಮಾತು. ಹಿಂದಿನ ಪೈಪು, ಸೈಲೆನ್ಸರ್ ಕಿರಿದಾಗಿಯೇ ಇದ್ದರೆ ಹೆಡರಿಗೆ ಸುರಿದ ಹಣ ಅಲ್ಲೇ ಕಟ್ಟಿಕೊಂಡು ನಿಲ್ಲುತ್ತದೆ. ಮೊದಲು ಹಿಂಭಾಗ ಸರಿಪಡಿಸಿ.

ಹಂತ 2: ಉದ್ದವೋ ಗಿಡ್ಡವೋ

ಜಾಗವಿದ್ದರೆ ಉದ್ದದ್ದು. ಎರಡು ಬದಿಗೆ ನಾಲ್ಕು ನಾಲ್ಕು ಸಿಲಿಂಡರಿರುವ ದೊಡ್ಡ ವಿ8 ಎಂಜಿನ್‌ಗಳಿಗೆ ಸಿಗುವ ಉದ್ದ ಹೆಡರುಗಳ ಕೊಳವೆಗಳು ಸಾಮಾನ್ಯವಾಗಿ 30ರಿಂದ 36 ಇಂಚು ಇರುತ್ತವೆ. ಗಿಡ್ಡ ಹೆಡರ್ ಹಾಕುವುದು ಸುಲಭ, ಕಾರ್ಖಾನೆಯ ಪೈಪಿಗೇ ಕೂರುತ್ತದೆ, ಕೊಡುವುದೂ ಅಷ್ಟಕ್ಕಷ್ಟೇ. ಗಿಡ್ಡದ್ದು ಕೊಂಡು ಉದ್ದದ್ದರ ಫಲ ಕೇಳಬೇಡಿ.

ನಾಲ್ಕು ಕೊಳವೆ ಒಮ್ಮೆಲೇ ಒಂದಾಗುವ 4-1 ಬಗೆ ಮೇಲಿನ ಆರ್‌ಪಿಎಂಗೆ ಒಲಿಯುತ್ತದೆ. ಎರಡೆರಡಾಗಿ ಕೂಡಿ ಆಮೇಲೆ ಒಂದಾಗುವ 4-2-1 ಬಗೆ ನಡುವಿನ ಎಳೆತವನ್ನು ತುಂಬಿಕೊಡುತ್ತದೆ. ರಸ್ತೆಯ ಕಾರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ, ಆದರೆ ಜೋಡಿ ಸರಿಯಾಗಿರಬೇಕು. 1-3-4-2 ಕ್ರಮದಲ್ಲಿ ಉರಿಯುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಆಗ ಜೋಡಿಯ ಎರಡು ಗುದ್ದುಗಳ ನಡುವೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ಹಾಕಿರುತ್ತದೆ. ಷೆವರ್ಲೆಯ ಸಣ್ಣ ಬ್ಲಾಕ್ ವಿ8ನಲ್ಲಿ ಕ್ರಮ 1-8-4-3-6-5-7-2. ಒಂದೇ ಬದಿಯಲ್ಲಿರುವ 5 ಮತ್ತು 7 ಬೆನ್ನುಬೆನ್ನಿಗೆ ಉರಿಯುತ್ತವೆ, ಅವೆರಡು ಒಂದೇ ಜೋಡಿಗೆ ಬೀಳಬಾರದು. ಅಗ್ಗದ ಮಾಲಿನಲ್ಲಿ ಬಗ್ಗಿಸಲು ಸುಲಭವಾದ ಪಕ್ಕಪಕ್ಕದ ಕೊಳವೆಗಳನ್ನೇ ಜೋಡಿಸಿರುವುದುಂಟು. ಬೆರಳಿಟ್ಟು ಎಣಿಸಿ ನೋಡಿ.

ಹಂತ 3: ವ್ಯಾಸ

ಎಡವುವವರು ಬಹುತೇಕ ಇಲ್ಲಿಯೇ ಎಡವುತ್ತಾರೆ, ಎಡವುವುದೂ ಒಂದೇ ದಿಕ್ಕಿಗೆ: ದೊಡ್ಡದರ ಕಡೆಗೆ. ನಾನೂ ಎಡವಿದ್ದೇನೆ. 5.7 ಲೀಟರಿನ ಸಾಧಾರಣ ಕ್ಯಾಮಿನ ಎಂಜಿನ್ನಿಗೆ ಎರಡು ಇಂಚಿನ ಕೊಳವೆಯ ಹೆಡರ್ ಹಾಕಿ, ಏರು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಕಾರು ಮುಕ್ಕುವುದನ್ನು ಕೇಳುತ್ತಾ ಕಾರ್ಬ್ಯುರೇಟರಿನ ಮೇಲೆ ತಪ್ಪು ಹೊರಿಸಿ ಎರಡು ವಾರ ಕಳೆದವನು ನಾನು.

ಕೊಳವೆ ಅಗಲವಾದಷ್ಟೂ ಅನಿಲ ನಿಧಾನವಾಗುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದರೆ ನೀರು ದೂರ ಚಿಮ್ಮುತ್ತದಲ್ಲ, ಅದರ ತಿರುವುಮುರುವು. ವೇಗ ಕಳೆದುಕೊಂಡ ಅನಿಲಕ್ಕೆ ಹಿಂದಿನದನ್ನು ಎಳೆದುಕೊಂಡು ಹೋಗುವ ಬಲವಿಲ್ಲ. ಕಡಿಮೆ ಆರ್‌ಪಿಎಂನಲ್ಲಿ ಸುಟ್ಟ ಹೊಗೆ ಸಿಲಿಂಡರಿಗೇ ಹಿಂದಿರುಗುವುದೂ ಉಂಟು.

ಲೆಕ್ಕಕ್ಕೆ ಹಳೆಯದೊಂದು ಅಂದಾಜು ಸೂತ್ರವಿದೆ. ಕೊಳವೆಯ ಒಳಗಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಚದರ ಇಂಚಿನಲ್ಲಿ ಹಿಡಿದು 88,200ರಿಂದ ಗುಣಿಸಿ, ಒಂದು ಸಿಲಿಂಡರಿನ ಗಾತ್ರದಿಂದ, ಅದೂ ಘನ ಇಂಚಿನಲ್ಲಿ, ಭಾಗಿಸಿ. ಬರುವ ಸಂಖ್ಯೆಯೇ ಆ ಕೊಳವೆ ಹೆಚ್ಚು ಎಳೆತ ಕೊಡುವ ಆರ್‌ಪಿಎಂನ ಸುಮಾರು ಜಾಗ. ಒಂದು ಘನ ಇಂಚು ಎಂದರೆ 16.4 ಸಿಸಿ.

ಇಲ್ಲೊಂದು ಗುಂಡಿ ಇದೆ, ಜೋಪಾನ. ಕೊಳವೆಯ ಅಳತೆಯೆಂದು ಮಾರುವವರು ಹೇಳುವುದು ಹೊರವ್ಯಾಸ. ಅನಿಲ ಹರಿಯುವುದು ಒಳಗೆ. 16 ಗೇಜ್ ಕೊಳವೆಯ ಗೋಡೆ 0.065 ಇಂಚು ದಪ್ಪ. ಎರಡು ಬದಿಯದನ್ನೂ ಕಳೆದರೆ ಒಂದೂ ಮುಕ್ಕಾಲು ಇಂಚಿನ ಕೊಳವೆಯ ಒಳವ್ಯಾಸ 1.62 ಇಂಚು, ವಿಸ್ತೀರ್ಣ 2.06 ಚದರ ಇಂಚು. 350 ಘನ ಇಂಚಿನ, ಅಂದರೆ 5.7 ಲೀಟರಿನ ವಿ8ನಲ್ಲಿ ಒಂದು ಸಿಲಿಂಡರ್ 43.75 ಘನ ಇಂಚು. ಭಾಗಿಸಿದರೆ ಸುಮಾರು 4150 ಆರ್‌ಪಿಎಂ. ಅದೇ ಎಂಜಿನ್ನಿಗೆ 1.625 ಇಂಚಿನದಾದರೆ ಸುಮಾರು 3540, 1.875 ಇಂಚಿನದಾದರೆ ಸುಮಾರು 4820, ಎರಡು ಇಂಚಿನದಾದರೆ 5500 ದಾಟುತ್ತದೆ. ನನ್ನ ಕಾರು ಮುಕ್ಕಿದ್ದು ಇದಕ್ಕೇ. ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಒಂದೂವರೆ ಇಂಚಿನ ಕೊಳವೆ 4260ರ ಆಸುಪಾಸಿನಲ್ಲಿ ಕೂರುತ್ತದೆ, 1.625 ಇಂಚಿನದು 5080ರ ಹತ್ತಿರ.

ಈಗ ಮೊದಲ ಹಂತದ ಚೀಟಿ ತೆಗೆಯಿರಿ. ಲೆಕ್ಕ ಎರಡು ಅಳತೆಗಳ ನಡುವೆ ನಿಂತರೆ ಚಿಕ್ಕದನ್ನೇ ಕೊಳ್ಳಿ. ‘ನಾಳೆ ಎಂಜಿನ್ ದೊಡ್ಡದು ಮಾಡಿಸುತ್ತೇನಲ್ಲ’ ಎನ್ನುವವರಿಗೂ ಇದೇ ಉತ್ತರ. ನಾಳೆಯ ಹೆಡರನ್ನು ನಾಳೆ ಕೊಳ್ಳಿ.

ಹಂತ 4: ಪೋರ್ಟಿನ ಬಾಯಿ

ಪೋರ್ಟ್ ಎಂದರೆ ಎಂಜಿನ್ನಿನಲ್ಲಿ ಹೊಗೆ ಹೊರಬೀಳುವ ಬಾಯಿ. ಸೋರದಂತೆ ನಡುವೆ ಇಡುವ ಹಳೆಯ ಗ್ಯಾಸ್ಕೆಟನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು, ಹೆಡರಿನ ಫ್ಲೇಂಜಿಗೆ (ಎಂಜಿನ್ನಿಗೆ ಬೋಲ್ಟು ಹಾಕುವ ಚಪ್ಪಟೆ ತಟ್ಟೆಗೆ) ಹಿಡಿದು ನೋಡಿ. ಹೆಡರಿನ ಬಾಯಿ ಪೋರ್ಟಿಗಿಂತ ಕೂದಲೆಳೆಯಷ್ಟು ದೊಡ್ಡದಿದ್ದರೆ ಒಳ್ಳೆಯದೇ, ಚಿಕ್ಕದಿದ್ದರೆ ಮಾತ್ರ ಅನಿಲ ಗೋಡೆಗೆ ಬಡಿಯುತ್ತದೆ. ಪೋರ್ಟುಗಳ ಸಂಖ್ಯೆಯನ್ನೂ ಎಣಿಸಿ. ಹಳೆಯ ಮಿನಿಯ ಎ-ಸರಣಿಯ ಎಂಜಿನ್ನಿನಲ್ಲಿ ಸಿಲಿಂಡರ್ ನಾಲ್ಕು, ಹೊಗೆಯ ಬಾಯಿ ಮೂರೇ, ನಡುವಿನದು ಎರಡಕ್ಕೂ ಸೇರಿ.

ಹಂತ 5: ಜಾಗ ಅಳೆಯುವುದು

ಕಾರನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಟಾರ್ಚು ಹಿಡಿದು ಕೆಳಗೆ ಹೋಗಿ. ಸ್ಟೀರಿಂಗ್ ಶಾಫ್ಟ್, ಸ್ಟಾರ್ಟರ್ ಮೋಟಾರ್, ಆಯಿಲ್ ಫಿಲ್ಟರ್, ಕ್ಲಚ್ ಅಥವಾ ಗೇರಿನ ಸರಳುಗಳು, ಎಂಜಿನ್ ಆಯಿಲ್ ನೋಡುವ ಕಡ್ಡಿ, ಬ್ರೇಕ್ ಪೈಪು, ಇವು ಎಲ್ಲೆಲ್ಲಿವೆ ಎಂದು ಫೋಟೊ ತೆಗೆದುಕೊಳ್ಳಿ. ನಿಮ್ಮ ಸಿಲಿಂಡರ್ ಹೆಡ್‌ನಲ್ಲಿ ಸ್ಪಾರ್ಕ್ ಪ್ಲಗ್ ನೇರವಾಗಿದೆಯೋ ಓರೆಯಾಗಿದೆಯೋ ನೋಡಿ. ಹೆಡ್ ಬದಲಾಗಿರುವ ಕಾರಿನಲ್ಲಿ ‘ಈ ಮಾಡೆಲಿಗೆ ಹೊಂದುತ್ತದೆ’ ಎಂಬ ಮಾತಿಗೆ ಬೆಲೆಯಿಲ್ಲ.

ಹೆಡರ್ ಕೈಗೆ ಬಂದ ಮೇಲೆ ಗ್ಯಾಸ್ಕೆಟ್ ಇಟ್ಟು ಎರಡೇ ಬೋಲ್ಟಿನಲ್ಲಿ ನಿಲ್ಲಿಸಿ. ಈಗ ಮಕ್ಕಳ ಆಟದ ಕ್ಲೇ ಬೇಕು. ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ಸ್ಟೀರಿಂಗ್ ಶಾಫ್ಟಿಗೂ ಅದರ ಹತ್ತಿರದ ಕೊಳವೆಗೂ ನಡುವೆ ಒತ್ತಿ. ಸ್ಟಾರ್ಟರಿನ ಬಳಿ ಒಂದು, ಚಾಸಿಸ್‌ನ ಪಕ್ಕ ಒಂದು. ಒಬ್ಬರು ಸ್ಟೀರಿಂಗನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸಲಿ, ಇನ್ನೊಬ್ಬರು ಮರದ ತುಂಡಿನಿಂದ ಎಂಜಿನ್ನನ್ನು ಎರಡೂ ಬದಿಗೆ ಮೀಟಲಿ. ಎಂಜಿನ್ನಿನ ಅಡಿಯ ಆಯಿಲ್ ತಟ್ಟೆಗೆ (ಸಂಪಿಗೆ) ಮೀಟುಗೋಲು ತಾಗಿಸಬೇಡಿ, ತೂತು ಬಿದ್ದೀತು. ಹೀಗೆ ಅಲುಗಿಸುವುದು ಏಕೆಂದರೆ ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕೂತಿದೆ. ಆಕ್ಸಿಲರೇಟರ್ ಒತ್ತಿದಾಗ ಅದು ಒಂದು ಬದಿಗೆ ವಾಲುತ್ತದೆ, ಹೆಡರೂ ಜೊತೆಗೆ ವಾಲುತ್ತದೆ. ಬಿಚ್ಚಿ, ಕ್ಲೇ ಅತಿ ತೆಳುವಾದ ಕಡೆ ಅಳೆಯಿರಿ. ಲೋಹಕ್ಕೂ ಲೋಹಕ್ಕೂ 12 ಮಿ.ಮೀ. ಉಳಿಯದಿದ್ದರೆ ನಾನು ಒಪ್ಪುವುದಿಲ್ಲ. ಬ್ರೇಕ್ ಪೈಪು, ವೈರುಗಳಿಗೆ ಅದರ ಎರಡರಷ್ಟು.

ಮುಂದಿನ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ. ಹೆಡರ್ ಹಾಕಿದ ಮೇಲೆ ಪ್ರತಿಯೊಂದು ಪ್ಲಗನ್ನೂ ಬಿಚ್ಚಿ ಮತ್ತೆ ಹಾಕಿ ನೋಡಿ. ಸಾಕೆಟ್ ಒಳಗೆ ಹೋಗಿ, ತಿರುಗಿ, ಪ್ಲಗನ್ನು ಹೊತ್ತು ಹೊರಗೆ ಬರಬೇಕು. ಒಳಗೆ ಹೋಗುತ್ತದೆ, ತಿರುಗಲು ಜಾಗವಿಲ್ಲ ಎಂಬಂಥ ಹೆಡರುಗಳನ್ನು ಕಂಡಿದ್ದೇನೆ. ಒಂದು ಪ್ಲಗ್ ಬದಲಿಸಲು ಇಡೀ ಹೆಡರನ್ನು ಇಳಿಸಬೇಕು. ಬೋಲ್ಟುಗಳ ಮಾತೂ ಅಷ್ಟೇ. ಸಣ್ಣ ತಲೆಯ ಬೋಲ್ಟು ಕೊಂಡರೆ ಬೆರಳ ಗೆಣ್ಣುಗಳು ಉಳಿಯುತ್ತವೆ. ಕಾರನ್ನು ಇಳಿಸಿ, ಜನ ಕೂರಿಸಿ, ಕಲೆಕ್ಟರಿನ ಫ್ಲೇಂಜಿಗೂ ನೆಲಕ್ಕೂ ಇರುವ ಎತ್ತರ ನೋಡಿ. ರಸ್ತೆಯ ಉಬ್ಬಿಗೆ ಮೊದಲು ಬಡಿಯುವುದು ಅದೇ.

ಸುತ್ತಿಗೆಯ ವಿಚಾರ: ಕೊಳವೆಯಲ್ಲಿ ಸಣ್ಣದೊಂದು ತಗ್ಗು ಮಾಡಿದರೆ ಶಕ್ತಿಯೇನೂ ಸೋರಿಹೋಗುವುದಿಲ್ಲ. ಆದರೆ ‘ಅಗತ್ಯವಿದ್ದಲ್ಲಿ ತಟ್ಟಿಕೊಳ್ಳಿ’ ಎಂದು ಪೆಟ್ಟಿಗೆಯೊಳಗಿನ ಚೀಟಿಯೇ ಹೇಳಿದರೆ, ಪೆಟ್ಟಿಗೆ ಮುಚ್ಚಿ ವಾಪಸು ಕಳುಹಿಸಿ.

ಹಂತ 6: ಲೋಹ, ಬೆಸುಗೆ, ಲೇಪ

16 ಗೇಜ್‌ಗಿಂತ ತೆಳುವಾದದ್ದು ಬೇಡ. ಫ್ಲೇಂಜ್ 9.5 ಮಿ.ಮೀ. ದಪ್ಪವಿರಲಿ, ತೆಳುವಾದದ್ದು ಬಿಸಿಗೆ ಸೊಟ್ಟಗಾಗಿ ಗ್ಯಾಸ್ಕೆಟ್ ಸೀಳುತ್ತದೆ. ಉಕ್ಕಿನ ಅಡಿಪಟ್ಟಿಯನ್ನು ಫ್ಲೇಂಜಿನ ಮೇಲೆ ಅಡ್ಡ ಇಟ್ಟು, ಬೆಳಕಿಗೆ ಎದುರು ಹಿಡಿಯಿರಿ. ಬೆಳಕು ತೂರಿದರೆ ಮಾಲು ಅಷ್ಟೇ. ಪ್ರತಿ ಕೊಳವೆಯೊಳಗೂ ಬೆರಳು ಹಾಕಿ ಸವರಿ. ಬೆಸುಗೆಯ ಹನಿಗಳು ಒಳಕ್ಕೆ ಇಳಿದು ಗಟ್ಟಿಯಾಗಿದ್ದರೆ ಕೈಗೆ ತಾಗುತ್ತವೆ. ಹೊರಗೆ ನುಣ್ಣಗೆ ಉಜ್ಜಿ ಬಣ್ಣ ಬಳಿದ ಬೆಸುಗೆಗಿಂತ ಉಜ್ಜದೆ ಬಿಟ್ಟ ಬೆಸುಗೆಯನ್ನು ನಾನು ಹೆಚ್ಚು ನಂಬುತ್ತೇನೆ.

ಸಾದಾ ಉಕ್ಕಿನದಕ್ಕೆ ಒಳಗೂ ಹೊರಗೂ ಸೆರಾಮಿಕ್ ಲೇಪ ಹಾಕಿಸಿದರೆ ನನ್ನ ಮಟ್ಟಿಗೆ ಅದೇ ಉತ್ತಮ. 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯುವುದು ಕಡಿಮೆ, ಆದರೆ ಬಿಸಿಗೆ ಸಾದಾ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಕೆಟ್ಟ ಬೆಸುಗೆಯಾದರೆ ಬಿರುಕು ಬಿಡುತ್ತದೆ. ಕ್ರೋಮ್ ಲೇಪ ಬಿಸಿಗೆ ನೀಲಿಗಟ್ಟುತ್ತದೆ. ಡಬ್ಬಿಯಲ್ಲಿ ಬರುವ ಬಣ್ಣ ಸುಲಿದುಹೋಗುತ್ತದೆ. ಬಟ್ಟೆಯಂಥ ಶಾಖದ ಪಟ್ಟಿ ಸುತ್ತುವುದು ಈಗಿನ ಷೋಕಿ. ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಸಾದಾ ಉಕ್ಕಿಗೆ ಸುತ್ತಿದರೆ ಒಳಗೊಳಗೇ ಕೊಳೆಯುತ್ತದೆ, ಬಿಚ್ಚಿದ ದಿನ ಗೊತ್ತಾಗುತ್ತದೆ.

ಹಂತ 7: ಹಳೆಯ ಮ್ಯಾನಿಫೋಲ್ಡ್ ಇನ್ನೇನು ಮಾಡುತ್ತಿತ್ತು

ಕೆಲವು ಕಾರುಗಳಲ್ಲಿ, ತಣ್ಣಗಿನ ಎಂಜಿನ್ ಶುರುವಾಗಲು ಗಾಳಿ ತಗ್ಗಿಸುವ ಚೋಕ್‌ಗೆ ಬಿಸಿಗಾಳಿ ಹೋಗುವುದು ಅದರಿಂದಲೇ. ಹೆಡರ್ ಹಾಕಿದರೆ ವಿದ್ಯುತ್ ಚೋಕ್ ಬೇಕು. ಗಾಳಿಯಿಂದ ತಣಿಯುವ ಪೋರ್ಷೆ 911ರ ಒಳಗಿನ ಹೀಟರಿಗೆ ಶಾಖ ಬರುವುದು ಎಕ್ಸಾಸ್ಟಿನ ಸುತ್ತ ಇರುವ ಶಾಖ ವಿನಿಮಯಕಗಳಿಂದ. ಅವಿಲ್ಲದ ಹೆಡರ್ ಕೊಂಡವರು ಚಳಿಗೆ ಕಂಬಳಿ ಹೊದ್ದು ಓಡಿಸಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಾದರೆ ಅದನ್ನು ತೆಗೆಯಲು ಅಥವಾ ಜಾಗ ಬದಲಿಸಲು ಕಾನೂನು ಬಿಡುತ್ತದೆಯೇ ಎಂದು ದುಡ್ಡು ಕೊಡುವ ಮುಂಚೆ ತಿಳಿದುಕೊಳ್ಳಿ. ಆಮ್ಲಜನಕ ಸೆನ್ಸರ್ ಇದ್ದರೆ ಅದಕ್ಕೆ ತಕ್ಕ ತೂತು ಹೆಡರಿನಲ್ಲಿರಬೇಕು.

ಹಂತ 8: ಜೋಡಣೆ

ಪೆಟ್ಟಿಗೆಯಲ್ಲಿ ಬಂದ ಕಾಗದದ ಗ್ಯಾಸ್ಕೆಟನ್ನು ಎಸೆಯಿರಿ, ಪದರ ಉಕ್ಕಿನದು ಅಥವಾ ತಾಮ್ರದ್ದು ತನ್ನಿ. ಬೋಲ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ ಬಿಗಿಯಿರಿ. ಮೊದಲ ಓಟದಲ್ಲಿ ಎಣ್ಣೆ ಸುಟ್ಟು ಹೊಗೆ ಏಳುತ್ತದೆ, ಗಾಬರಿ ಬೇಡ. ಎಂಜಿನ್ ಪೂರ್ತಿ ತಣಿದ ಮೇಲೆ ಮತ್ತೆ ಬಿಗಿಯಿರಿ. ಹೀಗೆ ಮೂರು ಬಾರಿ ಬಿಸಿಯಾಗಿ ತಣಿದ ಮೇಲಷ್ಟೇ ನಂಬಿಕೆ. ಟಕ್‌ಟಕ್ ಸದ್ದು ಬಂದರೆ ವಾಲ್ವಿನದೆಂದುಕೊಳ್ಳುವ ಮುಂಚೆ ಸೋರಿಕೆ ನೋಡಿ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ಜೆಟ್‌ಗಳನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಗಾಳಿ ಹೆಚ್ಚು ಬಂತು, ಪೆಟ್ರೋಲು ಅಷ್ಟೇ ಉಳಿಯಿತು ಎಂದರೆ ಎಂಜಿನ್ ಬಡಕಲು ಮಿಶ್ರಣದಲ್ಲಿ ಓಡಿ ಕಾಯುತ್ತದೆ.

ಬಿಚ್ಚಿದ ಬೀಡುಕಬ್ಬಿಣವನ್ನು ಗುಜರಿಗೆ ಹಾಕಬೇಡಿ. ಭಾಗ ಆ ಕಾರಿನ ಮೂಲದ್ದೇ ಎಂದು ತೋರಿಸುವ ಎರಕದ ಸಂಖ್ಯೆಗಳು ಅದರ ಮೇಲಿರುತ್ತವೆ. ಕಾರು ಮಾರುವ ದಿನ ಬಂದವರು ಹೆಡರಿನ ಬಗ್ಗೆ ಕೇಳದಿದ್ದರೂ ಆ ಸಂಖ್ಯೆಗಳನ್ನು ಕೇಳುತ್ತಾರೆ. ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ, ಬೋಲ್ಟುಗಳ ಸಮೇತ ಇಟ್ಟಿರಿ.